ಯಾವ ಆಯ್ತು?

"ಈ ಬಟನ್ ಯಾರನ್ನಾದ್ರೂ ಕೊಲ್ಲುತ್ತೆ."

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಅದು!

ಗಾಜಿನ ಮೀಟಿಂಗ್ ರೂಮಿನಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಆ ಪುಟ್ಟ ಸ್ಟಾರ್ಟಪ್‌ಗೆ ಅವಳು ಪ್ರಾಡಕ್ಟ್ ಮ್ಯಾನೇಜರ್. ವಯಸ್ಸಾದವರಿಗೆ ಮಾತ್ರೆ ನೆನಪಿಸುವ ಆ್ಯಪ್‌ನಲ್ಲಿ ಏನಿರಬೇಕು, ಯಾವ ಬಟನ್ ಮೇಲೆ ಯಾವ ಪದ ಇರಬೇಕು, ಎಲ್ಲ ಅವಳದೇ ತೀರ್ಮಾನ.

'ಮಾತ್ರೆ ತಗೊಳ್ಳಿ' ಎಂದು ಫೋನ್ ಹೇಳುತ್ತದೆ. ಹಿರಿಯರು 'ಆಯ್ತು' ಎಂಬ ಬಟನ್ ಒತ್ತುತ್ತಾರೆ. ಅವರ ಹೆಸರಿನ ಮುಂದೆ ಹಸಿರು ಚುಕ್ಕಿ ಮೂಡುತ್ತದೆ. ಅದನ್ನು ನೋಡಿ ಮನೆಯವರು ನಿಶ್ಚಿಂತರಾಗುತ್ತಾರೆ. ಪರೀಕ್ಷೆಗೆಂದು ಆ್ಯಪ್ ಪಡೆದಿದ್ದ ನಲವತ್ತು ಜನರ ಚುಕ್ಕಿಗಳೂ ಹಸಿರು. ಅದರಲ್ಲೊಂದು, ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮನದು.

"ಏನ್ರೀ ತಪ್ಪಿದೆ ಅದರಲ್ಲಿ?" ಅವಳು ಕೆರಳಿದಳು.

ಆ್ಯಪ್‌ನ ತಪ್ಪು ಹುಡುಕಲೆಂದು ಹೊಸದಾಗಿ ಸೇರಿದ ಆ ಟೆಸ್ಟರ್ ಪರದೆಯನ್ನೇ ನೋಡುತ್ತಿದ್ದ. "ನಲವತ್ತು ಜನ, ಒಬ್ಬರೂ ಒಂದಿನವೂ ಮರೆತಿಲ್ಲ ಅಂದ್ರೆ ನೀವು ನಂಬ್ತೀರಾ? ಬೆಳ್ಳಗಿರೋದೆಲ್ಲ ಹಾಲಲ್ಲ ಮೇಡಂ."

ಅಂದಿನಿಂದ ಆಫೀಸಿನಲ್ಲಿ ಅವನ ಹೆಸರು 'ಅಪಶಕುನ'. ಅವನು ಕೆಡುತ್ತದೆ ಎಂದದ್ದು ಕೆಟ್ಟೇ ಕೆಡುತ್ತಿತ್ತು.

ಆದರೂ... ಮೂರು ವಾರಗಳಲ್ಲಿ ಅವಳ ಕಣ್ಣು ಅವನ ಕುರ್ಚಿಯತ್ತ ತಾನೇ ಹೊರಳತೊಡಗಿತ್ತು. ಅವಳು ಊಟ ಮರೆತ ದಿನ ಅವನೇನೂ ಹೇಳುತ್ತಿರಲಿಲ್ಲ. ಬಿಸ್ಕತ್ತಿನ ಪೊಟ್ಟಣ ಅವಳ ಕೀಬೋರ್ಡ್ ಪಕ್ಕ ಇಟ್ಟು ಹೋಗುತ್ತಿದ್ದ. 'ಇವನ ಜೊತೆ ಜಗಳ ಆಡದಿದ್ರೆ ದಿನವೇ ಸಪ್ಪೆ ಯಾಕೆ?' ಎಂದು ತನ್ನನ್ನೇ ಕೇಳಿಕೊಂಡು ನಾಚಿದ್ದಳು.

ರಿಲೀಸ್ ದಿನ ಬಂತು. ಸಂಜೆ ನಾಲ್ಕಕ್ಕೆ ಆ್ಯಪ್ ಸಾವಿರಾರು ಮನೆಗಳಿಗೆ ಹೋಗಬೇಕು. ಬೆಳಗಿನ ಮೀಟಿಂಗ್ ಮುಗಿಯುತ್ತಿದ್ದಂತೆ ಬಾಸ್ ತಮ್ಮ ಫೋನ್ ಅವಳ ಮುಂದೆ ಹಿಡಿದರು.

'ರಿಲೀಸ್ ನಿಲ್ಲಿಸಿ. ಬಟನ್ ತಪ್ಪು.' ಕಳಿಸಿದವನು ಅವನೇ.

ಅವಳು ಆ ಸಾಲನ್ನು ಎರಡು ಸಲ ಓದಿದಳು. 'ನನ್ನನ್ನು ದಾಟಿ ಬಾಸ್‌ಗೆ ದೂರು! ಬಿಸ್ಕತ್ತು ಇಟ್ಟ ಕೈಯಲ್ಲೇ ಬೆನ್ನಿಗೆ ಚೂರಿ...'

"ನಾಲ್ಕಕ್ಕೆ ಹೋಗಲೇಬೇಕು," ಎಂದರು ಬಾಸ್. "ಇಲ್ಲಾಂದ್ರೆ ನಾಳೆಯಿಂದ ನೀನು ಬರೋದು ಬೇಡ."

ಅವನ ಕುರ್ಚಿ ಖಾಲಿ. ಮನಸ್ಸಿಗೆ ಸಮಾಧಾನವಿಲ್ಲದೆ ಅವಳು ದೊಡ್ಡಮ್ಮನಿಗೆ ಫೋನ್ ಮಾಡಿದಳು.

"ಮಾತ್ರೆ ತಗೊಂಡ್ಯಾ ದೊಡ್ಡಮ್ಮ?"

"ಆಯ್ತು ಕಣೇ, ಆಯ್ತು." ದನಿ ತೊದಲುತ್ತಿತ್ತು.

ಅವಳು ಎದ್ದು ನಿಂತಳು. "ಆಯ್ತು ಅಂದ್ರೆ... ನುಂಗಿದ್ಯಾ?"

"ನುಂಗ್ತೀನಿ ಅಂತ. ಪಾಪ, ಆ ಫೋನು ಅಷ್ಟು ಮರ್ಯಾದೆಯಿಂದ ಹೇಳುತ್ತೆ, ಆಯ್ತು ಅನ್ನದೆ ಇರೋಕಾಗುತ್ತಾ? ಒತ್ತಿಬಿಡ್ತೀನಿ. ಆಮೇಲೆ ಮರ್ತೇ ಹೋಗುತ್ತೆ... ಯಾಕೋ ಇವತ್ತು ಈ ಕೈ ಮೇಲೇಳ್ತಿಲ್ಲ ಮಗಾ..."

ಧಡ್! ಫೋನ್ ಬಿದ್ದ ಸದ್ದು. ಆಮೇಲೆ ಮೌನ.

ಅವಳು ಲ್ಯಾಪ್‌ಟಾಪಿಗೆ ಬಾಗಿ ರಿಲೀಸ್ ರದ್ದು ಮಾಡಿದಳು. ಬಾಸ್ ಕೂಗುತ್ತಲೇ ಇದ್ದರು. ಅವಳು ಓಡಿದಳು.

ಟ್ಯಾಕ್ಸಿಯಲ್ಲಿ ಕೂತು ಫೋನ್ ನೋಡಿದಳು. ದೊಡ್ಡಮ್ಮನ ಚುಕ್ಕಿ ಇನ್ನೂ ಹಸಿರು! 'ಆಯ್ತು' ಎಂಬ ಆ ಪದವನ್ನು ಆರಿಸಿದ್ದು ಅವಳೇ.

ಮನೆಯ ಬಾಗಿಲು ಹಾರುಹೊಡೆದಿತ್ತು. ಬಾಗಿಲಲ್ಲೇ ಆಂಬುಲೆನ್ಸ್. ಸ್ಟ್ರೆಚರ್ ಮೇಲೆ ದೊಡ್ಡಮ್ಮ. ಅವರ ಕೈ ಹಿಡಿದು ನಿಂತಿದ್ದವನು... ಅಪಶಕುನ!

"ಉಸಿರಿದೆ. ಹತ್ತಿ ಬೇಗ!"

ಮಧ್ಯಾಹ್ನವೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕಾದು ಕೂತರು. ಐದು ಗಂಟೆಗೆ ಡಾಕ್ಟರ್ ಹೊರಬಂದು, "ಬಿಪಿ ಏರಿ ಸ್ಟ್ರೋಕ್ ಆಗಿತ್ತು. ಬೇಗ ಕರ್ಕೊಂಡ್ ಬಂದ್ರಿ, ಉಳ್ಕೊಂಡ್ರು. ಕೈಗೆ ಶಕ್ತಿ ಬರೋಕೆ ಸ್ವಲ್ಪ ದಿನ ಬೇಕು," ಎಂದಾಗ ಅವಳ ಅಳುವಿನ ಕಟ್ಟೆ ಒಡೆಯಿತು.

"ನೀವಲ್ಲಿಗೆ ಹೇಗೆ ಬಂದ್ರಿ?"

"ಬೆಳಿಗ್ಗೆಯಿಂದ ಒಬ್ಬೊಬ್ಬರ ಮನೆಗೂ ಹೋಗ್ತಿದ್ದೆ. ಮೂರು ಮನೆಯಲ್ಲೂ ಮಾತ್ರೆ ಹಾಗೇ ಇತ್ತು. ನಿಮ್ಗೆ ಆರು ಸಲ ಫೋನ್ ಮಾಡ್ದೆ, ಮೀಟಿಂಗಲ್ಲಿ ಆಫ್ ಇತ್ತು. ಅದಕ್ಕೇ ಬಾಸ್‌ಗೆ ಬರೆದೆ. ನಾಲ್ಕನೇ ಮನೆ ನಿಮ್ಮ ದೊಡ್ಡಮ್ಮಂದು."

ಅವನೇ ಮುಂದುವರಿಸಿದ. "ನಮ್ಮಪ್ಪನೂ ದಿನಾ ಫೋನಲ್ಲಿ 'ಆಯ್ತಪ್ಪಾ' ಅಂತಿದ್ರು. ಅವರು ಹೋದ ಮೇಲೆ ದಿಂಬಿನ ಕೆಳಗೆ ಎಲ್ಲಾ ಮಾತ್ರೆ ಸಿಕ್ತು."

ಅವಳಿಗೆ ಅವನ ಮೊದಲ ಮಾತು ಈಗ ಅರ್ಥವಾಯಿತು. "ಮೊದಲೇ ಯಾಕೆ ಹೇಳ್ಲಿಲ್ಲ?"

"ಸಾಕ್ಷಿ ಇಲ್ದೆ ಮೀಟಿಂಗಲ್ಲಿ ಅಪ್ಪನ ಕಥೆ ಹೇಳ್ಕೊಂಡು ಅಳ್ಲಾ?"

ಒಳಗಿನಿಂದ ಕ್ಷೀಣ ದನಿ ಬಂತು. "ಇವನೇನಾ ಕಣೇ, ದಿನಾ ನೀನು ಬೈತಿದ್ದ ಅಪಶಕುನ? ಲಕ್ಷಣವಾಗಿದಾನೆ..."

"ದೊಡ್ಡಮ್ಮಾ!"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ನೆಲ ನೋಡಿದ.

"ನಾಳೆ ನಿಮ್ಗೆ ಕೆಲಸ ಇರುತ್ತೋ ಇಲ್ವೋ, ನನಗೂ ಅಷ್ಟೇ. ಆದ್ರೂ ಕೇಳ್ತೀನಿ. ನನ್ನ ಜೊತೆ... ಇದ್ಬಿಡ್ತೀರಾ?"

"ಆಯ್ತು."

ಅವನ ಹುಬ್ಬು ಮೇಲೇರಿತು. ಟೆಸ್ಟರ್ ಬುದ್ಧಿ ಎಲ್ಲಿ ಹೋಗುತ್ತದೆ?

"ಯಾವ ಆಯ್ತು ಇದು? ಇನ್ಮೇಲೆ ಮನಸ್ಸು ಕೊಡ್ತೀನಿ ಅಂತಾನಾ, ಕೊಟ್ಟಾಯ್ತು ಅಂತಾನಾ?"

ಅವಳು ಕಣ್ಣೊರೆಸಿಕೊಂಡು ಅವನ ಭುಜಕ್ಕೆ ಒರಗಿದಳು.

"ಕೊಟ್ಟು ಮೂರು ವಾರ ಆಯ್ತು ಕಣೋ!"