ಕುಂಚಿಗೆಯ ಕೊನೆಯ ಆನೆ

ನನ್ನ ಅಜ್ಜಿಯ ಟ್ರಂಕು ತೆಗೆದರೆ ಒಣಗಿದ ಬೇವಿನೆಲೆಯ ವಾಸನೆ ಬರುತ್ತಿತ್ತು. ಹೋದ ವರ್ಷ ಮೊಮ್ಮಗಳು ರಶ್ಮಿಯ ಬಾಣಂತನಕ್ಕೆಂದು ಶಿವಮೊಗ್ಗದಿಂದ ಭದ್ರಾವತಿಗೆ ಹೋದಾಗ, ನ್ಯೂ ಟೌನಿನ ಹಳೇ ಸಾಮಾನಿನ ಅಂಗಡಿಯಲ್ಲಿ ಅದೇ ವಾಸನೆ ಬಂತು. ಬಂದದ್ದು ಮಗುವಿನ ತಲೆಗೆ ಹಾಕುವ ಒಂದು ಹಳೆಯ ಕುಂಚಿಗೆಯಿಂದ. ಮೈತುಂಬ ಕಸೂತಿಯ ಆನೆಗಳು. ಕಸೂತಿಗೆ ಗಂಟಿಲ್ಲ. ದಾರ ಒಂದೊಂದು ಹೊಲಿಗೆ ಬಿಟ್ಟು ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ಮರಳುತ್ತದೆ. ಕೊನೆಯ ಆನೆಯಲ್ಲಿ ಮಾತ್ರ ದಾರ ಹೋಗಿತ್ತು, ಮರಳಿರಲಿಲ್ಲ. ಸೂಜಿ ಅಲ್ಲೇ ನೇತಾಡುತ್ತಿತ್ತು.

"ಮಗೀಗೆ ಹಾಕೋಕಾ ಅಮ್ಮಾ?" ಎಂದರು ಅಂಗಡಿಯ ಹಾಲಮ್ಮ. "ಬೇಡ ಅನ್ಸಿದ್ರೆ ವಾಪಸ್ ತನ್ನಿ."

ಮರುದಿನ ಮಧ್ಯಾಹ್ನ ಕಾಗದನಗರದ ರಶ್ಮಿಯ ಮನೆಯಲ್ಲಿ ತಾಯಿ, ಮಗು ಇಬ್ಬರೂ ಮಲಗಿದ್ದರು. ನಾನೇ ಆನೆ ಮುಗಿಸೋಣವೆಂದು ಕುಂಚಿಗೆ ತೆಗೆದೆ. ಈಗಷ್ಟೇ ಮಗುವಿನ ತಲೆಯಿಂದ ತೆಗೆದಂತೆ ಬೆಚ್ಚಗಿತ್ತು. ಕನ್ನಡಕ ತರಲು ಒಳಗೆ ಹೋದಾಗ, ಹಲ್ಲಿನಿಂದ ದಾರ ಕಡಿದ ಸದ್ದು ಕೇಳಿಸಿತು. ಬಂದು ನೋಡಿದರೆ ಆನೆ ಪೂರ್ತಿಯಾಗಿತ್ತು. ದಾರದ ತುದಿ ಒದ್ದೆಯಾಗಿತ್ತು. ಸೂಜಿ ಇರಲಿಲ್ಲ.

ಅದು ತೊಟ್ಟಿಲ ಬಟ್ಟೆಯಲ್ಲಿ, ಮಗುವಿನ ಕೆನ್ನೆಯ ಪಕ್ಕದಲ್ಲಿ ಸಿಕ್ಕಿತು. ಹೊಸ ದಾರ, ನಾಲ್ಕು ಹೊಲಿಗೆ, ನಡುನಡುವೆ ಜಾಗ ಬಿಟ್ಟು.

ರಶ್ಮಿಯನ್ನು ಎಬ್ಬಿಸಿ, ಮಗುವನ್ನು ಅವಳ ಮಡಿಲಿಗೆ ಕೊಟ್ಟೆ. ಆ ಹೊಲಿಗೆ ಬಿಚ್ಚಿ, ಸೂಜಿಯ ಸಮೇತ ಕುಂಚಿಗೆಯನ್ನು ಆಟೋದಲ್ಲಿ ಅಂಗಡಿಗೆ ಒಯ್ದೆ.

"ಬೇಗ ತಂದ್ರಲ್ಲಮ್ಮಾ. ಹೋದ್ಸಲದೋರು ಒಂದು ವಾರ ಇಟ್ಕೊಂಡಿದ್ರು," ಎಂದರು ಹಾಲಮ್ಮ. ಆಮೇಲೆ ತಮ್ಮ ಬುತ್ತಿ ಬಿಚ್ಚಿ ಎರಡು ತಟ್ಟೆಗೆ ಮೊಸರನ್ನ ಹಾಕಿದರು. ಒಂದನ್ನು ಕುಂಚಿಗೆಯ ಮುಂದಿಟ್ಟು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.