ಬಾಯಲ್ಲಿ ಮರಿ ಹೊತ್ತ ಮೀನು

"ಇವೂ ಜಿಲೇಬೀನೇ" ಎನ್ನುತ್ತಾ ದುರುಗಣ್ಣ ಬಲೆಯನ್ನು ದಡದ ಮೇಲೆ ಕೊಡವಿದ. ಅಂಗೈಯಗಲದ ಕಪ್ಪು ಮೀನುಗಳು ರಾಶಿ ಬಿದ್ದವು. ಅವುಗಳ ನಡುವೆ ಕಾಟ್ಲಾ ಮೀನು ಮೂರೇ ಮೂರು, ಅವೂ ಬಡಕಲು.

ಹೋದ ವರ್ಷ, ಅಂದರೆ ಎಂಬತ್ತೆರಡರಲ್ಲಿ, ಮೀನುಗಾರರ ಸೊಸೈಟಿಯವರು ಚನ್ನಗಿರಿಯಿಂದ ಲಾರಿಯಲ್ಲಿ ಕಾಟ್ಲಾ ಮರಿ ತಂದು ಈ ಕೆರೆಗೆ ಬಿಟ್ಟಿದ್ದರು. ಪಕ್ಕದ ನಾಲೆಯ ತುಂಬ ಜಿಲೇಬಿ ಮೀನು. ಅದು ಕೆರೆಗೆ ನುಗ್ಗಿದರೆ ಸಿಕ್ಕಾಪಟ್ಟೆ ಮರಿ ಮಾಡಿ, ಬೇರೆ ಮೀನಿಗೆ ಮೇವನ್ನೇ ಉಳಿಸುವುದಿಲ್ಲ. ಅದಕ್ಕೇ ನಾಲೆಯ ನೀರು ಕೆರೆಗೆ ಬೀಳುವ ಕಡೆ ಸಣ್ಣಪ್ಪಜ್ಜ ಒತ್ತಾಗಿ ಬಿದಿರ ತಟ್ಟಿ ಹೆಣೆದು ಕಟ್ಟಿದ್ದ. ನೀರು ಬರಬೇಕು, ಮೀನು ಬರಬಾರದು. ಅದನ್ನು ಕಾಯುವುದೂ ಅವನ ಕೆಲಸವೇ.

"ಕಾಯೋನು ನಿದ್ದೆ ಹೊಡೆದ್ರೆ ಇನ್ನೇನಾಗುತ್ತೆ" ಎಂದ ಸೊಸೈಟಿ ಪ್ರೆಸಿಡೆಂಟ್ ಉಚ್ಚಂಗೆಪ್ಪ. ನಾಳೆಯಿಂದ ಬೇರೆಯವರನ್ನು ನೋಡೋಣ ಎಂದೂ ಸೇರಿಸಿದ. ಸಣ್ಣಪ್ಪಜ್ಜ ಟವೆಲ್ಲು ಹೆಗಲಿಗೆ ಹಾಕಿಕೊಂಡು ತಟ್ಟಿಯ ಕಡೆ ನಡೆದ.

ದುರುಗಣ್ಣನ ಮಗಳು, ಐದನೇ ಕ್ಲಾಸಿನ ಅಂಜಿನಿ, ಅಪ್ಪನಿಗೆ ಬುತ್ತಿ ತಂದವಳು ಅಲ್ಲೇ ನಿಂತಿದ್ದಳು. ರಾಶಿಯಲ್ಲಿದ್ದ ಮೀನೊಂದರ ದಪ್ಪ ತುಟಿ ನೋಡಿದಳು. ಹೋದ ವರ್ಷ ತಾನು ಹಿಡಿದ ಮೀನಿನ ತುಟಿಯೂ ಹೀಗೇ ಇತ್ತು. ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು.

ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾರೇ ಆಗಲಿ, ತಾವು ಹಿಡಿದ ಮೊಟ್ಟಮೊದಲ ಮೀನನ್ನು ತಿನ್ನುವಂತಿಲ್ಲ, ಗಂಗಮ್ಮನಿಗೆ ಬಿಡಬೇಕು. ಹೋದ ವರ್ಷ ಅಂಜಿನಿ ನಾಲೆಯಲ್ಲಿ ಲಂಗ ಒಡ್ಡಿ ಒಂದು ಮೀನು ಹಿಡಿದಿದ್ದಳು. ನಾಲೆಗೇ ಬಿಡಬಹುದಿತ್ತು. ಆದರೆ ಗಂಗಮ್ಮನ ಕಲ್ಲು ಇರುವುದು ಕೆರೆಯ ದಂಡೆಯಲ್ಲಿ. ತಟ್ಟಿ ದಾಟಿಸಬಾರದೆಂದು ಅವಳಿಗೂ ಗೊತ್ತಿತ್ತು. ದೇವರಿಗೆ ಬಿಡುವ ಒಂದು ಮೀನಿನಿಂದ ಏನಾದೀತು ಅಂದುಕೊಂಡ ಈ ಜಾಣೆ, ಅಜ್ಜ ಊಟಕ್ಕೆ ಹೋದ ಹೊತ್ತು ನೋಡಿ, ಚೆಂಬಿನಲ್ಲಿ ಒಯ್ದು ಕೆರೆಗೆ ಬಿಟ್ಟು ಕೈ ಮುಗಿದಳು. ಚೆಂಬಿನಲ್ಲಿದ್ದಾಗ ಅದರ ಬಾಯಿಂದ ಜೀರಿಗೆಯಷ್ಟು ಮರಿಗಳು ಹೊರಗೆ ಬಂದು, ಮತ್ತೆ ಬಾಯೊಳಗೇ ಹೋಗಿದ್ದವು. ಎಷ್ಟು ಚೆಂದ ಎಂದು ಹಿಗ್ಗಿದ್ದಳು.

ಈಗ ಬುತ್ತಿ ಇಟ್ಟವಳೇ ಮನೆ ಕಡೆ ಓಡಿದಳು. ದಾರಿ ಇದ್ದದ್ದು ತಟ್ಟಿಯ ಪಕ್ಕದಲ್ಲೇ. ಸಣ್ಣಪ್ಪಜ್ಜ ಸೊಂಟಮಟ್ಟ ನೀರಿನಲ್ಲಿ ನಿಂತು, ಒಂದೊಂದೇ ಬಿದಿರ ಸೀಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ.

"ಅಂಜಿನಿ, ಕಿಂಡಿ ಎಲ್ಲೈತೆ ನೋಡವ್ವ" ಎಂದ. "ನನ್ನ ಕಣ್ಣು ಮಂಜಾಗೈತೆ. ಎಲ್ಲೋ ನಾನೇ ಸರಿಯಾಗಿ ಹೆಣೆದಿಲ್ಲ."

ಅಂಜಿನಿಗೆ ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು.

ಅಜ್ಜ ಬೈಯಲಿಲ್ಲ. ಬಿದಿರ ಸೀಳಿನಿಂದ ಕೈ ತೆಗೆದು ಕೇಳಿದ: "ಹಂಗಾದ್ರೆ ಕಿಂಡಿ ಇಲ್ಲ?"

"ಇಲ್ಲಜ್ಜ."

ಅಜ್ಜನ ಮುಖ ಅರಳಿತು. ಅದನ್ನು ನೋಡಿ ಅಂಜಿನಿಗೆ ಇನ್ನೂ ನಾಚಿಕೆಯಾಯಿತು. ತಾನು ಹೆದರಿದ್ದು ಬರೀ ಅಪ್ಪನ ಏಟಿಗೆ. ಅಜ್ಜ ತನ್ನ ಕೈಕೆಲಸದ ಮೇಲೇ ನಂಬಿಕೆ ಕಳೆದುಕೊಂಡು ನೀರಿನಲ್ಲಿ ತಡಕಾಡುತ್ತಿದ್ದ.

"ಯಾರಿಗೂ ಹೇಳಾಕೆ ಹೋಗಬೇಡ. ನಿಮ್ಮಪ್ಪ ಹೊಡೀತಾನೆ. ಮನೆಗೆ ಹೋಗು" ಎಂದ ಅಜ್ಜ.

ಅಂಜಿನಿ ಮನೆ ಕಡೆ ನಾಲ್ಕು ಹೆಜ್ಜೆ ಇಟ್ಟಳು, ನಿಂತಳು, ಕೆರೆಯ ದಡದತ್ತ ತಿರುಗಿದಳು. ಮೀನು ಆರಿಸುತ್ತಿದ್ದ ಅಪ್ಪನೂ ಉಚ್ಚಂಗೆಪ್ಪನೂ ತಲೆ ಎತ್ತಿದರು.

"ಅಪ್ಪ, ತಟ್ಟಿ ಸರಿಯಾಗೇ ಐತೆ" ಎಂದಳು. "ಜಿಲೇಬಿ ಬಿಟ್ಟೋಳು ನಾನು."