ನೀಲಿ ಹೊಗೆ, ತಣ್ಣನೆಯ ಮಾಟೆ

"ಮೊದಲು ಆ ಕಾರು ಆಫ್ ಮಾಡ್ರೀ... ನನ್ನ ಬ್ರೆಡ್ಡೆಲ್ಲ ಹೊಗೆ ಕುಡೀತಾ ಇದೆ!"

ಕೂಗಿದವನ ಮೊಣಕೈವರೆಗೂ ಹಿಟ್ಟು. ಯಾನಿನಾ ಸ್ಟಿಯರಿಂಗ್ ಹಿಡಿದು ಕೂತಲ್ಲಿಂದಲೇ ಅವನನ್ನು ದುರುಗುಟ್ಟಿ ನೋಡಿದಳು. ಅವಳ ಹಿಂದೆ ಬೀದಿಯೇ ಕಾಣದಷ್ಟು ನೀಲಿ ಹೊಗೆ ಎದ್ದಿತ್ತು.

ನಮ್ಮ ನೊಗೋಯಾ ಪೇಟೆಯಲ್ಲಿ ಆ ಕಾರನ್ನು ಅರಿಯದವರಿಲ್ಲ. ಪೆಟ್ರೋಲಿಗಿಂತ ಎಂಜಿನ್ ಎಣ್ಣೆಯನ್ನೇ ಹೆಚ್ಚು ಕುಡಿಯುವ ಮುದಿ ಕಾರು. ಮನೆಯವರು ಅದಕ್ಕೆ ಪಿರುಚಾ ಎಂದು ಹೆಸರಿಟ್ಟು ಮುದ್ದು ಬೇರೆ ಮಾಡುತ್ತಿದ್ದರು.

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ. ನೀವು ತಳ್ಳಿಕೊಡ್ತೀರಾ?"

"ಇಲ್ಲಿಂದ ತೊಲಗೋದಾದ್ರೆ ನಿಮ್ಮನೆ ತನಕ ತಳ್ತೀನಿ."

ಹಟಕ್ಕೆ ಬಿದ್ದ ಯಾನಿನಾ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿಯೇಬಿಟ್ಟಳು. ಅವನೂ ಬಿಡುವ ಆಸಾಮಿಯಲ್ಲ. ಬೇಕರಿಯ ಬಾಗಿಲು ಎಳೆದುಕೊಂಡು, ನಮ್ಮ ಕಡೆ ನಡುಬೇಸಿಗೆಯಾದ ಜನವರಿಯ ಸುಡುಬಿಸಿಲಲ್ಲಿ ನಿಜಕ್ಕೂ ಅವಳ ಮನೆಯವರೆಗೆ ತಳ್ಳಿದ.

ಅಂಗಳದಲ್ಲಿ ಬಟ್ಟೆ ಹೊಲಿಯುತ್ತ ಕೂತಿದ್ದ ತಾಯಿ ಡೆಲಿಯಾ ಕನ್ನಡಕ ಸರಿಸಿ ನೋಡಿದಳು.

"ಯಾರೇ ಇವನು? ಹಿಟ್ಟಿನ ಮೂಟೆಗೆ ಕೈಕಾಲು ಬಂದ ಹಾಗಿದ್ದಾನೆ."

"ರಮಿರೋ ಅಂತ. ಮೂಲೆ ಬೇಕರಿ ನಮ್ಮದೇ," ಎಂದ ಅವನು ಏದುಸಿರು ಬಿಡುತ್ತ. "ನಿಮ್ಮ ಮಗಳಿಗೆ ಈ ಕಾರು ಬಿಟ್ಟು ಬೇರೆ ಏನೂ ಸಿಗಲಿಲ್ವಾ?"

ಸಿಕ್ಕಿದ್ದರೆ ಅವಳು ಯಾಕೆ ಇದಕ್ಕೆ ಜೋತು ಬೀಳುತ್ತಿದ್ದಳು! ನಾಲ್ಕು ವರ್ಷ ಕಾದ ಮೇಲೆ ಯಾನಿನಾಗೆ ಟೀಚರ್ ಕೆಲಸ ಸಿಕ್ಕಿತ್ತು. ಅದೂ ಬಸ್ಸೇ ಹೋಗದ ಹಳ್ಳಿಯ ಒಂಟಿ ಶಾಲೆಯಲ್ಲಿ; ವಾರವಿಡೀ ಅಲ್ಲೇ ಉಳಿಯಬೇಕು. ಮಾರ್ಚ್‌ ಮೊದಲ ಸೋಮವಾರ ಹಾಜರಾಗದಿದ್ದರೆ ಆ ಜಾಗ ಬೇರೆಯವರ ಪಾಲು. ಗ್ಯಾರೇಜುಗಳಲ್ಲಿ ಕೊಯ್ಲಿನ ಯಂತ್ರಗಳು ಸಾಲುಗಟ್ಟಿ ನಿಂತಿದ್ದವು. ಏಪ್ರಿಲಿಗೆ ಮುಂಚೆ ಪಿರುಚಾಳನ್ನು ಮುಟ್ಟಲು ಯಾರೂ ತಯಾರಿರಲಿಲ್ಲ.

"ಅದಕ್ಕೆ ನಾನೇ ಎಂಜಿನ್ ಬಿಚ್ತೀನಿ," ಎಂದಳು ಯಾನಿನಾ.

"ಬಿಚ್ಚೋಕೆ ಬರುತ್ತಾ?"

"ಫೋನಲ್ಲಿ ನೋಡಿಕೊಂಡು ಮಾಡ್ತೀನಿ. ನಿಮಗೆ ಬರುತ್ತಾ?"

"ಇಲ್ಲ. ಆದ್ರೆ ನಮ್ಮ ಬ್ರೆಡ್ ಒಲೆ ಬಿಚ್ಚಿ ಜೋಡಿಸಿದ್ದೀನಿ."

"ಎಂಜಿನ್ ಒಲೆ ಅಲ್ಲ ಸ್ವಾಮಿ."

"ಒಳಗೆ ಬೆಂಕಿ ಉರಿಯೋದೆಲ್ಲ ಒಲೇನೇ, ಟೀಚರಮ್ಮ."

ಡೆಲಿಯಾ ಬಾಯಿಗೆ ಸೆರಗಿಲ್ಲದ್ದರಿಂದ ಹೊಲಿಯುತ್ತಿದ್ದ ಬಟ್ಟೆಯನ್ನೇ ಅಡ್ಡ ಹಿಡಿದು ನಕ್ಕಳು.

ಹೀಗೆ ಶುರುವಾಯಿತು ನೋಡಿ. ನಡುರಾತ್ರಿ ಎದ್ದು ಬ್ರೆಡ್ ಬೇಯಿಸುವ ರಮಿರೋಗೆ ಬಿಡುವು ಸಿಗುತ್ತಿದ್ದುದು ಮಧ್ಯಾಹ್ನ. ಆ ಹೊತ್ತಿಗೆ ಊರಿಗೆ ಊರೇ ಉಂಡು ಮಲಗಿರುತ್ತದೆ. ಸಿಯೆಸ್ತಾ ಎನ್ನುವ ಈ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಸುತ್ತಿಗೆ ಸದ್ದು ಮಾಡಿದವರನ್ನು ನಮ್ಮ ಬೀದಿಯವರು ಏಳು ಜನ್ಮಕ್ಕೂ ಕ್ಷಮಿಸುವುದಿಲ್ಲ. ಹಾಗಾಗಿ ಇಬ್ಬರೂ ನೆರಳಲ್ಲಿ ಕೂತು, ಪಿಸುಮಾತಲ್ಲೇ ಎಂಜಿನ್ ಬಿಚ್ಚಿದರು. ಪಿಸುಗುಟ್ಟಬೇಕೆಂದರೆ ಹತ್ತಿರ ಕೂರಲೇಬೇಕಲ್ಲ!

ಪಿಸ್ಟನ್ ಹೊರಗೆಳೆದಾಗ ಎಣ್ಣೆ ಎಲ್ಲಿ ಹೋಗುತ್ತಿತ್ತೆಂದು ಗೊತ್ತಾಯಿತು. ಎಣ್ಣೆಯನ್ನು ಕೆಳಕ್ಕೆ ಸವರಿ ಇಳಿಸಬೇಕಾದ ರಿಂಗುಗಳು ಸವೆದು ಮಸಿ ಕಟ್ಟಿ ಕೂತಿದ್ದವು. ಹೊಸ ಸಿಲಿಂಡರ್ ಲೈನರುಗಳು, ಪಿಸ್ಟನ್, ರಿಂಗು ಪರಾನಾ ನಗರದಿಂದ ಬಂದವು.

"ರಿಂಗಿನ ಬಾಯಿಗಳೆಲ್ಲ ಒಂದೇ ಸಾಲಿಗೆ ಬರಬಾರದು, ಎಣ್ಣೆ ಸೋರುತ್ತೆ," ಯಾನಿನಾ ಪಿಸುಗುಟ್ಟಿದಳು.

"ನಮ್ಮ ಬೀದಿ ಹೆಂಗಸರ ಬಾಯಿ ಇದ್ದ ಹಾಗಾ? ಒಂದೇ ಕಡೆ ಸೇರಿದ್ರೆ ಗುಟ್ಟು ನಿಲ್ಲಲ್ಲ ಅಂತ?"

ನಗು ತಡೆಯಲಾರದೆ ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. ಒತ್ತಿದ ಮೇಲೆ ಅವಳಿಗೆ ಹೊಳೆಯಿತು. 'ಕಾರು ಸರಿಯಾದರೆ ಇವನು ಇಲ್ಲಿಗೆ ಬರಲು ನೆಪವೇ ಇರುವುದಿಲ್ಲವಲ್ಲ...'

ಫೆಬ್ರವರಿ ಕೊನೆಗೆ ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್, ಕೂರಿಸುವ ದಿನ ಬಂತು. ಅದರ ಬೋಲ್ಟುಗಳನ್ನು ಮನಸ್ಸಿಗೆ ಬಂದಂತೆ ಬಿಗಿಯುವಂತಿಲ್ಲ. ನಡುವಿನಿಂದ ಹೊರಕ್ಕೆ, ಸುತ್ತು ಸುತ್ತಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಲೆಕ್ಕ ತಪ್ಪಿದರೆ ಇಷ್ಟು ದಿನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಯಾನಿನಾಳ ಜೀವವೆಲ್ಲ ಆ ಲೆಕ್ಕದಲ್ಲೇ ಇತ್ತು.

ರಮಿರೋ ಮಾತ್ರ ಬೆಳಗಿನಿಂದ ಒಂದು ಮಾತನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದ. ಕೊನೆಗೆ ಬಾಯಿಬಿಟ್ಟ.

"ಯಾನಿ... ನೀನು ಆ ಶಾಲೆಗೆ ಹೋದ ಮೇಲೆ ಭಾನುವಾರ ನಾನು ಅಲ್ಲಿಗೆ ಬರಬಹುದಾ? ಬರೀ ನಿನ್ನ ನೋಡೋಕೆ."

ಅವನ ಮಾತು ಅವಳ ತಲೆಗೆ ಹೋಗಲಿಲ್ಲ. ಬರೀ ದನಿ ಕೇಳಿ, ಬಾಯಾರಿರಬೇಕು ಅಂದುಕೊಂಡಳು. ಬೋಲ್ಟಿನಿಂದ ಕಣ್ಣು ತೆಗೆಯದೆ ಒಂದು ಕೈಯಲ್ಲೇ ಮಾಟೆ ಎಲೆ ತುಂಬಿದ ಸೋರೆ ಬುರುಡೆಗೆ ಫ್ಲಾಸ್ಕಿನ ನೀರು ಹುಯ್ದು ಆ ಕಷಾಯ ಅವನತ್ತ ಚಾಚಿದಳು. ಫ್ಲಾಸ್ಕಿನ ಮುಚ್ಚಳ ತೆರೆದೇ ಇತ್ತು. ನೀರು ಯಾವಾಗಲೋ ಆರಿಹೋಗಿತ್ತು.

ಅವನು ಹೀರುವ ಕೊಳವೆಗೆ ಬಾಯಿಟ್ಟ. ತಣ್ಣಗಿತ್ತು.

ಬಿಸಿ ಮಾಟೆ ಕೊಟ್ಟರೆ ಬಾ ಎಂದರ್ಥ. ಮನಸ್ಸಿನ ಮಾತಾಡಿದ ಗಂಡಿಗೆ ಹುಡುಗಿ ತಣ್ಣನೆಯ ಮಾಟೆ ಕೊಟ್ಟಳೆಂದರೆ ನಿನ್ನ ದಾರಿ ನೀನು ನೋಡಿಕೋ ಎಂದರ್ಥ. ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅವನು ಪೂರ್ತಿ ಕುಡಿದ. ಬುರುಡೆಯನ್ನು ಸದ್ದಾಗದಂತೆ ನೆಲಕ್ಕಿಟ್ಟ. ಅವಳು ಕೊನೆಯ ಬೋಲ್ಟು ಬಿಗಿದು ತಲೆಯೆತ್ತುವಷ್ಟರಲ್ಲಿ ಅಂಗಳ ಖಾಲಿ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಏನಂದೆಯೇ ಅವನಿಗೆ?" ಡೆಲಿಯಾ ಕೇಳಿದಳು.

"ಏನೂ ಅನ್ನಲಿಲ್ಲ ಅಮ್ಮಾ. ಸಾಕಾಗಿರಬೇಕು ಅವನಿಗೆ," ಎಂದಳು. ಉಳಿದದ್ದನ್ನು ಒಬ್ಬಳೇ ಜೋಡಿಸಿದಳು.

ಶನಿವಾರ ಸಂಜೆ. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ರೂಢಿಯಂತೆ ಡೆಲಿಯಾ ರಟ್ಟಿನ ಮೇಲೆ 'ಹೊಸ ಎಂಜಿನ್ ಪಳಗಿಸುತ್ತಿದ್ದೇವೆ' ಎಂದು ಬರೆದು ಹಿಂದಿನ ಗಾಜಿಗೆ ಅಂಟಿಸಿದಳು. ಯಾನಿನಾ ಕೀಲಿ ತಿರುಗಿಸಿದಳು. ಪಿರುಚಾ ಒಂದೇ ಸಲಕ್ಕೆ ಗುಡುಗಿ ಎದ್ದಳು! ತಾಯಿ ಮಗಳು ತಬ್ಬಿಕೊಳ್ಳುವಷ್ಟರಲ್ಲಿ... ಹಿಂದಿನಿಂದ ನೀಲಿ ಹೊಗೆ.

ಅದೇ ನೀಲಿ. ಅದೇ ವಾಸನೆ.

ಸೋಮವಾರಕ್ಕೆ ಉಳಿದದ್ದು ಒಂದೇ ದಿನ. 'ರಿಂಗ್ ತೊಡಿಸಿದ್ದು ಅವನು. ನಾನು ಊರು ಬಿಡಬಾರದು ಅಂತ ಬೇಕೆಂದೇ ತಲೆಕೆಳಗು ಮಾಡಿದನಾ? ಅದಕ್ಕೇ ತಲೆಮರೆಸಿಕೊಂಡನಾ?'

ಹೊಗೆಯುಗುಳುತ್ತಲೇ ಕಾರನ್ನು ಬೇಕರಿಯ ಮುಂದೆ ತಂದು ನಿಲ್ಲಿಸಿದಳು. ಬ್ರೆಡ್ ಕೊಳ್ಳಲು ನಿಂತವರೆಲ್ಲ ತಿರುಗಿ ನೋಡಿದರು.

"ನನ್ನ ಕೆಲಸ ಹಾಳು ಮಾಡಿ ನಿನಗೇನು ಸಿಕ್ತು ರಮಿರೋ? ರಿಂಗ್ ಉಲ್ಟಾ ಹಾಕಿದೀಯಲ್ಲ!"

ಅವನ ಮುಖ ಬಿಳಿಚಿತು. ಏಪ್ರನ್ ಕಳಚಿಟ್ಟು ಬಂದು ಪಕ್ಕದ ಸೀಟಿನಲ್ಲಿ ಕೂತ.

"ನಡಿ. ಹೆದ್ದಾರಿಗೆ."

"ಈ ಹೊಗೆ ಇಟ್ಕೊಂಡಾ?"

"ಪಿಸ್ಟನ್ ಇಳಿಸೋವಾಗ ಸಿಲಿಂಡರಿಗೆ ಎಣ್ಣೆ ಸುರಿದವರು ಯಾರು?"

"...ನಾನು."

"ಸವರು ಅಂದ್ರೆ ಅಭ್ಯಂಜನ ಮಾಡಿಸಿದೆ. ಅದು ಉರಿದು ಹೋಗಬೇಡ್ವಾ? ರಿಂಗಿಗೂ ಸಿಲಿಂಡರಿಗೂ ಇನ್ನೂ ಹೊಂದಾಣಿಕೆ ಆಗಿಲ್ಲ. ನಿಂತಲ್ಲೇ ಗುರುಗುಟ್ಟಿಸಿದ್ರೆ ಆಗಲ್ಲ. ಓಡಿಸಬೇಕು."

ಪೇಟೆ ದಾಟಿತು. ಯಾನಿನಾ ಕನ್ನಡಿಯನ್ನೇ ನೋಡುತ್ತ ನಿಧಾನವಾಗಿ ಓಡಿಸಿದಳು. ಹಿಂದಿನ ಲಾರಿಯವರು ಗಾಜಿನ ಮೇಲಿನ ರಟ್ಟು ಓದಿ, ಬೈಯದೆ, ಕೈಬೀಸಿ ಮುಂದೆ ಹೋದರು. ಹೊಗೆ ತೆಳುವಾಯಿತು. ಇನ್ನೂ ತೆಳುವಾಯಿತು. ಹಳ್ಳದ ಸೇತುವೆ ದಾಟಿ ದಿಬ್ಬ ಹತ್ತಿದಾಗ ಕನ್ನಡಿಯಲ್ಲಿ ಬರೀ ರಸ್ತೆ ಕಂಡಿತು.

ಅವಳು ನೀಲಗಿರಿ ಮರಗಳ ಪಕ್ಕಕ್ಕೆ ಕಾರು ನಿಲ್ಲಿಸಿದಳು. ನಾಚಿಕೆಯಿಂದ ಕಣ್ಣು ತುಂಬಿತ್ತು.

"ಹತ್ತು ಜನರ ಮುಂದೆ ನಿನ್ನ ಮೇಲೆ ಗೂಬೆ ಕೂರಿಸಿದೆ. ಕ್ಷಮಿಸು. ಆದ್ರೆ... ನೀನ್ಯಾಕೆ ಬರೋದು ಬಿಟ್ಟೆ?"

"ತಣ್ಣಗಿನ ಮಾಟೆ ಕೊಟ್ಟು ಕಳಿಸಿ, ಯಾಕೆ ಬರಲಿಲ್ಲ ಅಂತ ಕೇಳ್ತೀಯಲ್ಲ."

"ತಣ್ಣಗಿನದಾ? ಯಾವಾಗ?"

"ಹೆಡ್ ಕೂರಿಸಿದ ದಿನ. ಭಾನುವಾರ ನಿನ್ನ ನೋಡೋಕೆ ಬರಲಾ ಅಂತ ಕೇಳಿದೆ. ನೀನು ಮುಖ ಕೂಡ ಎತ್ತಲಿಲ್ಲ."

ಯಾನಿನಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

"ಅಯ್ಯೋ ಪುಣ್ಯಾತ್ಮ... ನನಗೆ ನೀನು ಕೇಳಿದ್ದೇ ಗೊತ್ತಿಲ್ಲ. ಬೋಲ್ಟಿನ ಲೆಕ್ಕದಲ್ಲಿದ್ದೆ. ಫ್ಲಾಸ್ಕ್ ಆರಿದ್ದೂ ನೋಡಲಿಲ್ಲ. ಒಂದು ಮಾತು ಕೇಳೋದಲ್ವಾ?"

"ಅಂಥ ಉತ್ತರಾನ ಎರಡನೇ ಸಲ ಯಾರು ಕೇಳ್ತಾರೆ ಯಾನಿ?"

ಅವನೇ ಮುಂದುವರಿಸಿ ಮೆಲ್ಲಗೆ ಹೇಳಿದ.

"ಒಂದೊಂದು ರಿಂಗ್ ತೊಡಿಸೋವಾಗಲೂ ಅನ್ನಿಸ್ತಿತ್ತು... ಇದು ಸರಿಯಾದ್ರೆ ಇವಳು ಹೊರಟುಹೋಗ್ತಾಳೆ ಅಂತ. ನೀನು ಬೈದದ್ದು ಪೂರ್ತಿ ಸುಳ್ಳಲ್ಲ. ಆ ಯೋಚನೆ ಬಂದಿತ್ತು. ಆದ್ರೆ ಆ ಶಾಲೆಗೆ ನೀನು ಎಷ್ಟು ಕಾದಿದ್ದೀಯ ಅಂತ ಗೊತ್ತಲ್ಲ, ಕೈ ಬರಲಿಲ್ಲ. ನಿನ್ನ ಮೇಲೆ ಜೀವ ಇಟ್ಕೊಂಡು ನಿನ್ನ ಕೆಲಸ ಹೇಗೆ ಕೆಡಿಸಲಿ?"

ಯಾನಿನಾ ಕಣ್ಣೊರೆಸಿಕೊಂಡಳು.

"ಭಾನುವಾರ ನೀನು ಬರೋದು ಬೇಡ."

ಅವನು ತಲೆ ತಗ್ಗಿಸಿದ.

"ಭಾನುವಾರದ ತನಕ ನನಗೆ ತಡೆಯೋಕಾಗಲ್ಲ. ಶುಕ್ರವಾರ ಶಾಲೆ ಬಿಟ್ಟ ಕೂಡಲೇ ನಾನೇ ಬರ್ತೀನಿ. ಈ ಎಂಜಿನ್ ಬರೀ ಹೋಗೋಕೆ ಕಟ್ಟಿದ್ದು ಅಂತ ನಿನಗೆ ಯಾರು ಹೇಳಿದ್ರು ರಮಿರೋ? ವಾಪಸ್ ಬರೋಕೂ ಇದೇ ಅಲ್ವಾ?"

ರಮಿರೋ ಅವಳ ಮಸಿ ಹಿಡಿದ ಬೆರಳುಗಳನ್ನು ತನ್ನ ಎರಡೂ ಅಂಗೈಯೊಳಗೆ ಮುಚ್ಚಿಕೊಂಡ.

"ಜೋರಾಗಿ ಓಡಿಸಬೇಡ. ರಿಂಗ್ ಇನ್ನೂ ಹೊಸದು."

"ತಡವಾದ್ರೆ ಕಾಯ್ತೀಯಾ?"

"ಕಾಯ್ತೀನಿ ಯಾನಿ. ನೀನು ನಿಧಾನಕ್ಕೆ ಬಾ."